ಮುಂದುವರಿದವರು

ಇಂಗ್ಲಿಷಿನಲ್ಲಿ ಮುಂದೆ ಹೋಗುವುದಕ್ಕೆ ಅದೆಷ್ಟು ಮಾತುಗಳಿವೆ ಎಂಬುದನ್ನು ನಾನು ಕಲಿತದ್ದು ಬಾಣಸವಾಡಿಯ ಒಂದು ಖಾಸಗಿ ಶಾಲೆಯಲ್ಲಿ. ಅಲ್ಲಿ ನಾನೇ ಇಂಗ್ಲಿಷ್ ಟೀಚರ್ ಆಗಿದ್ದೆ ಎಂಬುದು ಬೇರೆ ಮಾತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಆಡಳಿತ ಮಂಡಳಿಯವರು ಆ ವರ್ಷ ಹೊಸ ಇಂಗ್ಲಿಷ್ ವರ್ಕ್‌ಬುಕ್ ತರಿಸಿದ್ದರು. ಅದನ್ನು ಕೈಯಲ್ಲಿ ಹಿಡಿದರೆ ಸಾಕು, ಮಕ್ಕಳ ಬಾಯಿಂದ ಇಂಗ್ಲಿಷ್ ಸುರಿಯುತ್ತದೆ ಎಂದು ಅವರಿಗೆ ಯಾರೋ ನಂಬಿಸಿದ್ದರು. ಹಿಡಿಯುವುದು ಹೇಗೆಂದು ನಮಗೆ ಹೇಳಿಕೊಡಲು, ಪುಸ್ತಕ ಮಾಡಿದ ಇಂದಿರಾನಗರದ ಸಣ್ಣ ಪ್ರಕಾಶನದವರು ಒಬ್ಬ ಯುವಕನನ್ನು ಕಳಿಸಿದರು.

ಅವನು ಇಸ್ತ್ರಿ ಮಾಡಿದ ಹತ್ತಿಯ ಅಂಗಿ ತೊಟ್ಟು ಬಂದು, ಬೋರ್ಡಿನ ಮೇಲೆ ಚಂದದ ಅಕ್ಷರದಲ್ಲಿ ಅಡ್ವಾನ್ಸ್, ಪ್ರೊಸೀಡ್, ಪ್ರೊಗ್ರೆಸ್, ಗೋ ಅಹೆಡ್, ಮೂವ್ ಆನ್ ಎಂದು ಬರೆದ. ತಿರುಗಿ ನಮ್ಮನ್ನು ನೋಡಿ, "ಇವೆಲ್ಲಾ ಒಂದೇ ಅರ್ಥ ಅಂತ ಮಕ್ಕಳಿಗೆ ಹೇಳಿಕೊಟ್ರೆ, ಅದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲ," ಎಂದ. ಇಡೀ ಶಾಲೆಗೆ ಒಂದೇ ಟಾಯ್ಲೆಟ್ ಇದ್ದ ಕಾಲ ಅದು. ನಮಗೆ ಬೇರೆ ಅಪರಾಧಗಳ ಪರಿಚಯವೂ ಇತ್ತು. ಆದರೂ ಎಲ್ಲರೂ ತಲೆಯಾಡಿಸಿದೆವು.

ಸುಳ್ಳು ಹೇಳಬಾರದು, ಅವನು ಚೆನ್ನಾಗಿಯೇ ವಿವರಿಸಿದ. ಪ್ರೊಸೀಡ್ ಅಂದರೆ ಒಂದು ಕಡೆ ನಿಂತವರು ಮತ್ತೆ ಹೊರಡುವುದು. ಅಡ್ವಾನ್ಸ್ ಅಂದರೆ ಒಂದು ಗುರಿಯತ್ತ ಏರಿ ಹೋಗುವುದು, ಎದುರಿಗೆ ಯಾರೋ ಇದ್ದಾರೆ ಎಂಬ ಭಾವ ಅದರಲ್ಲಿದೆ. ಪ್ರೊಗ್ರೆಸ್‌ನಲ್ಲಿ ದೂರ ಹೋದರಷ್ಟೇ ಸಾಲದು, ಮೊದಲಿಗಿಂತ ಉತ್ತಮ ಆಗಬೇಕು. ಗೋ ಅಹೆಡ್ ಅಂತ ಯಾರಾದರೂ ಅಪ್ಪಣೆ ಕೊಡಬೇಕು. ಮೂವ್ ಆನ್ ಆಗುವವರು ಹಿಂದೆ ಏನನ್ನೋ ಬಿಟ್ಟು ಹೋಗುತ್ತಾರೆ. ಕನ್ನಡದಲ್ಲಾದರೆ ನಾವು ಇವಕ್ಕೆಲ್ಲ 'ಮುಂದುವರಿ' ಎಂದು ಒಂದೇ ಮಾತು ಹೇಳಿ ಮುಗಿಸುತ್ತೇವಲ್ಲ ಎಂದು ಕೊರಗುವಷ್ಟು ಚೆನ್ನಾಗಿ ಹೇಳಿದ.

ನಾನು ಎದ್ದು, "ಮತ್ತೆ ಫಾರ್ವರ್ಡ್?" ಎಂದು ಕೇಳಿದೆ.

"ಅದು ಬರೀ ದಿಕ್ಕು ಮೇಡಂ. ಯಾರು ಹೋದ್ರು, ಎಷ್ಟು ದೂರ ಹೋದ್ರು ಅಂತ ಅದು ಹೇಳಲ್ಲ," ಎಂದ.

ಮರುವಾರ ಏಳನೇ ತರಗತಿಯಲ್ಲಿ ಆ ಪಾಠ ಮಾಡಿ, ಸ್ವಂತ ವಾಕ್ಯ ಬರೆಯಿರಿ ಎಂದೆ. ಒಬ್ಬಳು 'ನಮ್ಮಪ್ಪ ಜೋಗುಪಾಳ್ಯದ ಮನೆಗೆ ಅಡ್ವಾನ್ಸ್ ಕೊಟ್ಟರು' ಎಂದು ಬರೆದಳು. ಶಿವಾಜಿನಗರದಲ್ಲಿ ತಳ್ಳುಗಾಡಿಯಲ್ಲಿ ಹಣ್ಣು ಮಾರುವವರ ಮಗನೊಬ್ಬ, 'ಪೊಲೀಸ್ ಮೂವ್ ಆನ್ ಎಂದರು, ನಮ್ಮ ಅಬ್ಬಾ ಪಪ್ಪಾಯ ಬಿಟ್ಟು ಓಡಿದರು' ಎಂದು ಬರೆದ. ಹಿಂದೆ ಏನನ್ನೋ ಬಿಟ್ಟು ಹೋಗುವುದು ಎಂಬುದನ್ನು ಅವನಷ್ಟು ಸರಿಯಾಗಿ ಯಾರೂ ಬರೆದಿರಲಿಲ್ಲ. ಇದನ್ನು ನಾನು ಪ್ರಕಾಶನದವನಿಗೆ ಫೋನಿನಲ್ಲಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಶನಿವಾರ ಆ ವಾಕ್ಯಗಳನ್ನು ನೋಡಲು ಬಂದ. ಅದರ ಮುಂದಿನ ಶನಿವಾರ ನೋಡಲು ಯಾವ ವಾಕ್ಯವೂ ಇರಲಿಲ್ಲ. ಆದರೂ ಬಂದ.

ಹೀಗೆ ನಮ್ಮ ಶನಿವಾರಗಳು ಶುರುವಾದವು. ಸಿಎಂಎಚ್ ರಸ್ತೆಯ ಒಂದು ದರ್ಶಿನಿಯಲ್ಲಿ ಕಾಫಿ, ಆಮೇಲೆ ಹಲಸೂರು ಕೆರೆಯ ಕಡೆಗೆ ನಡಿಗೆ. ರಸ್ತೆ ದಾಟುವಾಗ ಅವನದೊಂದು ಪದ್ಧತಿಯಿತ್ತು. ಎರಡೂ ಕಡೆ ಒಂದೂ ಗಾಡಿ ಕಾಣದಿದ್ದರೆ ಮಾತ್ರ ಕಾಲಿಡುತ್ತಿದ್ದ. ಬೆಂಗಳೂರಿನಲ್ಲಿ ಅಂಥ ಗಳಿಗೆ ಬರುವುದು ಬಂದ್ ದಿನ ಮಾತ್ರ. ನಾನು ಆಚೆ ದಡ ಸೇರಿ, ಕಡಲೆಕಾಯಿ ಕೊಂಡು, ಅರ್ಧ ತಿಂದು ಮುಗಿಸುವವರೆಗೂ ಅವನು ಈಚೆ ನಿಂತು ಕೈಯೆತ್ತಿ ಆಟೋಗಳಿಗೆ ವಿನಂತಿ ಮಾಡಿಕೊಳ್ಳುತ್ತಿದ್ದ. ನನಗೆ ಆಗ ಅದು ಮುದ್ದಾಗಿ ಕಂಡಿತು. ಆ ವಯಸ್ಸಿನಲ್ಲಿ ಏನೇನೋ ಮುದ್ದಾಗಿ ಕಾಣುತ್ತದೆ.

ಒಂದು ಶನಿವಾರ ಅದೇ ದರ್ಶಿನಿಯಲ್ಲಿ ನಿಂತು, "ನಾವು ಇದನ್ನ ಮುಂದಕ್ಕೆ ತಗೊಂಡು ಹೋಗೋಣ್ವಾ?" ಎಂದ.

"ಯಾವುದನ್ನ?"

"ಇದನ್ನೇ," ಎಂದು ನಮ್ಮಿಬ್ಬರ ನಡುವೆ ಕೈ ಆಡಿಸಿದ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಪ್ಲೇಟ್ ಖಾರಾಬಾತ್. ನನಗೆ ಅರ್ಥವಾಯಿತು, ನಾಚಿಕೆಯೂ ಆಯಿತು. ಖಾರಾಬಾತ್ ಅಲ್ಲಿಯೇ ತಣ್ಣಗಾಯಿತು.

ಉತ್ತರ ಕೊಡುವ ಮೊದಲು ನಾನು ನಮ್ಮ ವಿಷಯ ಹೇಳಿದೆ. ನಮ್ಮದು ಕೆ.ಆರ್. ಪುರದ ಹತ್ತಿರದ ಒಂದು ಹಳ್ಳಿ. ನಮ್ಮ ತಾತನ ಮನೆಯಿದ್ದದ್ದು ಊರೊಳಗಲ್ಲ, ಊರ ಹೊರಗಿನ ಕೇರಿಯಲ್ಲಿ. ಅಪ್ಪನಿಗೆ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿ, ಹೊಸ ತಿಪ್ಪಸಂದ್ರದಲ್ಲಿ ಎರಡು ಕೋಣೆಯ ಮನೆ ಮಾಡಿದ. ನಾನು ಹುಟ್ಟುವ ಮೊದಲೇ ಮನೆಯವರು ಬೌದ್ಧರಾಗಿದ್ದರು. ಇಷ್ಟನ್ನೂ ನಾನು ಅಲ್ಲಿ, ನೀರಿನ ಲೋಟದ ಬಕೆಟ್ ಪಕ್ಕದಲ್ಲಿ ನಿಂತು, ಮೆಲ್ಲಗೂ ಅಲ್ಲ ಜೋರಾಗಿಯೂ ಅಲ್ಲ, ಹೇಳಿದೆ.

"ಅಯ್ಯೋ, ಅದೆಲ್ಲಾ ಲೆಕ್ಕಕ್ಕೇ ಇಲ್ಲ," ಎಂದ ಅವನು. "ನಮ್ಮಮ್ಮ ತುಂಬಾ ಪ್ರೊಗ್ರೆಸಿವ್."

ಅವನ ತಂದೆ ತೀರಿಕೊಂಡು ವರ್ಷಗಳಾಗಿದ್ದವು. ಆ ಪ್ರೊಗ್ರೆಸಿವ್ ಅಮ್ಮನೊಬ್ಬರೇ ಅವನೊಂದಿಗೆ ಒಂದು ಭಾನುವಾರ ನಮ್ಮ ಮನೆಗೆ ಬಂದರು. ನಮ್ಮಮ್ಮ ಬೆಳಗಿನಿಂದ ಒಲೆ ಮುಂದೆ ನಿಂತು ಕಡಲೆಬೇಳೆ ಪಾಯಸ, ಆಂಬೊಡೆ ಮಾಡಿದ್ದಳು. ಅವರು ಸೋಫಾದ ಅಂಚಿನಲ್ಲಿ, ಯಾವ ಗಳಿಗೆಯಲ್ಲಾದರೂ ಎದ್ದೇಳಬಹುದಾದ ಹಾಗೆ ಕೂತರು. "ಇವತ್ತು ನಂಗೆ ಉಪವಾಸ," ಎಂದರು. ಅಮ್ಮ ನೀರಾದರೂ ಕುಡಿಯಿರಿ ಎಂದಳು. "ಡಾಕ್ಟ್ರು ಹೊರಗಡೆ ನೀರು ಬೇಡ ಅಂದಿದ್ದಾರೆ," ಎಂದು ಕೈಚೀಲದಿಂದ ಬಾಟಲಿ ತೆಗೆದರು. ಉಪವಾಸ ದೇವರಿಗೆ, ನೀರು ಡಾಕ್ಟರಿಗೆ. ಎರಡರಲ್ಲೂ ನಮ್ಮ ಮನೆಯ ಪಾತ್ರೆಗಳ ತಪ್ಪೇನೂ ಇರಲಿಲ್ಲ. ಅವನು ಮಾತ್ರ ತನ್ನ ಅಮ್ಮನ ಪಾಲನ್ನೂ ಸೇರಿಸಿ ಆಂಬೊಡೆ ತಿಂದ. ಆ ಕೀರ್ತಿಯನ್ನು ಅವನಿಂದ ಯಾರೂ ಕಿತ್ತುಕೊಳ್ಳಲಾರರು.

ಗೋಡೆಯ ಮೇಲಿನ ಬುದ್ಧನ ಪಟವನ್ನು ಅವರು ಬಹಳ ಹೊತ್ತು ನೋಡಿದರು. "ಶಾಂತವಾಗಿದೆ," ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಸ್ವಂತ ಊರು ಯಾವುದು?" ಎಂದು ಕೇಳಿದರು.

"ಇಲ್ಲೇ ಕಣ್ರೀ, ಕೆ.ಆರ್. ಪುರದ ಹತ್ರ," ಎಂದ ಅಪ್ಪ, ಹಳ್ಳಿಯ ಹೆಸರೂ ಹೇಳಿದ.

"ಓಹೋ. ಊರಲ್ಲಿ ಯಾವ ಕಡೆ ಬರುತ್ತೆ ನಿಮ್ಮನೆ?"

ಮಗ ಎಲ್ಲವನ್ನೂ ಮೊದಲೇ ಹೇಳಿದ್ದಾನೆ ಎಂದು ನನಗೆ ಗೊತ್ತಿತ್ತು. ಉತ್ತರ ಅವರಿಗೂ ಗೊತ್ತಿತ್ತು. ಆದರೂ ಕೇಳಬೇಕಿತ್ತು.

"ಹೊರಗಡೆ ಕೇರೀಲಿ," ಎಂದ ಅಪ್ಪ ಸಲೀಸಾಗಿ. "ಆದ್ರೆ ಈಗ ಊರು ಬೆಳ್ಕೊಂಡು ಬೆಳ್ಕೊಂಡು ನಮ್ಮ ಮನೆ ದಾಟಿ ರಿಂಗ್ ರೋಡ್‌ವರೆಗೂ ಹೋಗ್ಬಿಟ್ಟಿದೆ. ನೋಡಿದ್ರೆ ನಾವೇ ಮಧ್ಯದಲ್ಲಿದ್ದೀವಿ ಈಗ."

ಅಪ್ಪ ನಕ್ಕ. ಅವರೂ ನಕ್ಕರು, ಸ್ವಲ್ಪ ತಡವಾಗಿ. ಹೋಗುವಾಗ ಬಾಗಿಲಲ್ಲಿ ನಿಂತು ಅಮ್ಮನ ಕೈ ಹಿಡಿಯುವಷ್ಟು ಹತ್ತಿರ ಬಂದು, ಹಿಡಿಯದೆ, "ತುಂಬಾ ಸಂತೋಷ ಆಯ್ತು, ಫೋನ್ ಮಾಡ್ತೀನಿ," ಎಂದರು.

ಫೋನ್ ಮಾಡಿದರು ಕೂಡ. ಅಪ್ಪ ರಿಸೀವರ್ ಇಟ್ಟು, ಮುಖ ಅರಳಿಸಿಕೊಂಡು ಬಂದ. "ಪ್ರೊಸೀಡ್ ಮಾಡೋಣ ಅಂದ್ರು!" ಅವನ ಕಾರ್ಖಾನೆಯಲ್ಲಿ ಸಾಹೇಬರು ಕಾಗದದ ಮೇಲೆ ಆ ಮಾತು ಬರೆದರೆ ಮರುದಿನ ಕೆಲಸ ಶುರುವಾಗುತ್ತಿತ್ತು. ನನಗೆ ಮಾತ್ರ ಬೋರ್ಡಿನ ಮೇಲಿನ ಪಾಠ ನೆನಪಾಯಿತು. ಪ್ರೊಸೀಡ್ ಆಗುವವರು ಮೊದಲು ನಿಂತವರು. ಹಾಗಾದರೆ ನಡುವೆ ನಾವು ಯಾವಾಗ ನಿಂತೆವು, ಯಾರು ನಿಲ್ಲಿಸಿದರು?

ಅದನ್ನು ಅಪ್ಪನಿಗೆ ಹೇಳಿದರೆ, "ನೀನು ಟೀಚರ್ ಆಗಿ ಕೆಟ್ಟೋದೆ ಕಣೇ," ಎಂದ.

ಆಮೇಲೆ ಫೋನ್ ಬರುತ್ತಲೇ ಇತ್ತು. ಒಮ್ಮೆ 'ಒಳ್ಳೆ ಪ್ರೊಗ್ರೆಸ್ ಇದೆ' ಎಂದರು. ಇನ್ನೊಮ್ಮೆ 'ಸ್ಟೆಪ್ ಬೈ ಸ್ಟೆಪ್ ಹೋಗೋಣ' ಎಂದರು. ಮತ್ತೊಮ್ಮೆ ಅವರ ಅಣ್ಣಂದಿರು ಗೋ ಅಹೆಡ್ ಹೇಳುವುದಷ್ಟೇ ಬಾಕಿ ಎಂದರು. ದಿನ ಗೊತ್ತು ಮಾಡುವ ಮಾತು ಮಾತ್ರ ಯಾವ ಭಾಷೆಯಲ್ಲೂ ಬರಲಿಲ್ಲ. ಅಪ್ಪನ ಉತ್ಸಾಹ ಇಳಿಯಿತು. "ಜಾಬ್ ಇನ್ನೂ ಮೆಷಿನ್ ಮೇಲೇ ಹತ್ತಿಲ್ಲ, ಅದೇನು ಪ್ರೊಗ್ರೆಸ್ಸೋ ಇವರದು," ಎಂದು ತನ್ನ ಕಾರ್ಖಾನೆಯ ಭಾಷೆಯಲ್ಲಿ ಗೊಣಗಿದ. ಶನಿವಾರಗಳಂದು ನಾನು ಅವನನ್ನು ಕೇಳಿದರೆ, "ಆಗ್ತಾ ಇದೆ, ಆಗ್ತಾ ಇದೆ," ಎನ್ನುತ್ತಿದ್ದ. ಇಂಗ್ಲಿಷಿನಲ್ಲಿ ಕಂಟಿನ್ಯುಯಸ್ ಎನ್ನುವ ಆ ಕಾಲರೂಪಕ್ಕೆ ಕೊನೆಯೇ ಇಲ್ಲವೆಂದು ನಾನೂ ಮಕ್ಕಳಿಗೆ ಪಾಠ ಮಾಡಿದ್ದವಳೇ.

ಒಂದು ದಿನ ಅವನ ಅಮ್ಮ ನನ್ನೊಬ್ಬಳನ್ನೇ ಊಟಕ್ಕೆ ಕರೆದರು. ನೂರಡಿ ರಸ್ತೆಯಿಂದ ಒಳಗೆ, ಅಡ್ಡರಸ್ತೆಯಲ್ಲಿ ಅವರ ಮನೆ. ಬಹಳ ಪ್ರೀತಿಯಿಂದ ಬಡಿಸಿದರು. ಹುಳಿಯಲ್ಲಿದ್ದ ನುಗ್ಗೆಕಾಯಿಯನ್ನೆಲ್ಲ ಆರಿಸಿ ನನ್ನ ತಟ್ಟೆಗೇ ಹಾಕಿದರು. ಅಂದು ಅವರಿಗೆ ಉಪವಾಸ ಇರಲಿಲ್ಲ.

"ನಿಮ್ಮವರೆಲ್ಲಾ ಈಗ ಎಷ್ಟು ಅಡ್ವಾನ್ಸ್ ಆಗಿದ್ದೀರಮ್ಮ," ಎಂದರು ತುಪ್ಪ ಬಡಿಸುತ್ತ. "ನೋಡೋಕೇ ಖುಷಿಯಾಗುತ್ತೆ."

"ಯಾರ ಕಡೆಗೆ ಆಂಟಿ?" ಎಂದೆ.

"ಏನು?"

"ಏನಿಲ್ಲ, ತುಪ್ಪ ಸಾಕು."

ಆಮೇಲೆ ವಿಷಯಕ್ಕೆ ಬಂದರು. ಮದುವೆ ರಿಜಿಸ್ಟರ್ ಆಗಲಿ, ಗಲಾಟೆ ಬೇಡ. ಆಮೇಲೆ ಅವರ ಕಡೆಯವರಿಗೆ ಒಂದು ರಿಸೆಪ್ಷನ್. ನಮ್ಮ ಕಡೆಯಿಂದ ಅಪ್ಪ ಅಮ್ಮ ಬಂದರೆ ಸಾಕು, ಹಳ್ಳಿಯವರಿಗೆ ಯಾಕೆ ಸುಮ್ಮನೆ ತೊಂದರೆ. ಕಾರ್ಡಿನ ಮೇಲೆ ಬುದ್ಧ ಬೇಡ. ಅಪ್ಪನ ಹೆಸರಿನ ಮುಂದೆ ಊರ ಹೆಸರೂ ಬೇಡ.

"ನಂಗೇನೂ ಇಲ್ಲಮ್ಮ," ಎಂದರು. "ನಮ್ಮ ಹಿರಿಯರು ಇದ್ದಾರಲ್ಲ, ಅವರಿಗೋಸ್ಕರ. ನಾವು ಫಾರ್ವರ್ಡ್ ಅನ್ನೋದು ಹೆಸರಿಗೆ ಮಾತ್ರ. ಅವರ ಬುದ್ಧಿಯೆಲ್ಲಾ ತುಂಬಾ ಬ್ಯಾಕ್‌ವರ್ಡು." ತಮ್ಮ ಮಾತಿಗೆ ತಾವೇ ನಕ್ಕರು.

ಫಾರ್ವರ್ಡ್ ಅನ್ನುವುದು ಬರೀ ದಿಕ್ಕು ಎಂದು ಹೇಳಿಕೊಟ್ಟವನು ನನ್ನೆದುರೇ ಕೂತಿದ್ದ. ಅದಕ್ಕೆ ನಮ್ಮ ನಾಡಿನಲ್ಲಿ ಜಾತಿಯ ಅರ್ಥವೂ ಇದೆಯೆಂದು ವರ್ಕ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ನಮ್ಮ ಕನ್ನಡ ಪತ್ರಿಕೆಗಳು ಬರೆಯುತ್ತವೆ, ಮುಂದುವರಿದವರು ಎಂದು. ಯಾವುದರಿಂದ ಮುಂದುವರಿದರು, ಎಲ್ಲಿಗೆ ಮುಟ್ಟಿದರು ಎಂದು ಅವೂ ಬರೆಯುವುದಿಲ್ಲ. ನಾನು ಅವನನ್ನೇ ನೋಡಿದೆ. ಅವನು ಸಾರಿನಲ್ಲಿದ್ದ ಕರಿಬೇವಿನ ಎಲೆಗಳನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸುತ್ತಿದ್ದ. ಅಷ್ಟು ಶ್ರದ್ಧೆಯಿಂದ ಅವನು ಬೇರೆ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ.

"ಯಾರಾದ್ರೂ ಅಪ್ಪನ ಊರು ಯಾವುದು ಅಂತ ಕೇಳಿದ್ರೆ?" ಎಂದೆ.

"ಬೆಂಗಳೂರು ಅಂದ್ರಾಯ್ತು. ಸುಳ್ಳೇನಲ್ವಲ್ಲ."

ಊಟವಾದ ಮೇಲೆ ಅವನು ನನ್ನನ್ನು ಬಸ್ ಸ್ಟಾಪಿಗೆ ಬಿಡಲು ಬಂದ. ನೂರಡಿ ರಸ್ತೆ ಬಂದಾಗ ಅವನೇ, "ಅಮ್ಮ ಇಷ್ಟು ದೂರ ಬಂದಿದ್ದೇ ದೊಡ್ಡದು. ನಿಧಾನಕ್ಕೆ ಹೋಗೋಣ," ಎಂದ.

"ನೀನು ಎಷ್ಟು ದೂರ ಬಂದಿದ್ದೀಯ?"

"ನಂದು ಬಿಡು. ನಾನು ಮಧ್ಯದಲ್ಲಿ ಸಿಕ್ಕಾಕ್ಕೊಂಡಿದ್ದೀನಿ."

"ನಮ್ಮಪ್ಪನ ಊರ ಹೆಸರು ಹೇಳಬಾರದು ಅನ್ನೋದು ನಿಂಗೆ ಸರಿ ಅನ್ಸುತ್ತಾ?"

"ಸರಿ ಅಂತಲ್ಲ... ಅದೊಂದು ಹಂತ ಅಷ್ಟೆ. ದಾಟಿ ಹೋಗ್ಬೇಕು."

"ತಪ್ಪು ಅಂತ ಅಮ್ಮನಿಗೆ ಹೇಳ್ತೀಯಾ?"

ಅವನು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡ. "ನೀನು ಹೀಗೆ ಒಂದೊಂದು ಮಾತೂ ಹಿಡ್ಕೊಂಡು ಕೂತ್ರೆ ಕಷ್ಟ ಕಣೆ."

"ಮಾತಿಗೂ ಮಾತಿಗೂ ವ್ಯತ್ಯಾಸ ಗೊತ್ತಿಲ್ದಿದ್ರೆ ಅಪರಾಧ ಅಂದೋನು ನೀನೇ."

ಅಷ್ಟರಲ್ಲಿ ಬಸ್ ಬಂತು. ಹತ್ತಿದೆ. ಬಾಗಿಲಲ್ಲೇ ಕಂಬ ಹಿಡಿದು ನಿಂತವಳನ್ನು ಕಂಡು ಕಂಡಕ್ಟರ್, "ಲೇಡೀಸೆಲ್ಲಾ ಮುಂದೆ ಹೋಗಿ, ಮುಂದೆ ಹೋಗಿ," ಎಂದು ಕೂಗಿದ. ಅಷ್ಟು ದಿನಗಳಲ್ಲಿ ಮನಸ್ಸಿನಲ್ಲಿ ಬೇರೇನೂ ಇಟ್ಟುಕೊಳ್ಳದೆ ಆ ಮಾತನ್ನು ನನಗೆ ಹೇಳಿದವನು ಅವನೊಬ್ಬನೇ. ಮುಂದೆ ಹೋಗಿ ಕಿಟಕಿ ಪಕ್ಕ ಕೂತು ಅತ್ತೆ. ಪಕ್ಕದಲ್ಲಿದ್ದ ಹೂವಿನಾಕೆ ತಮಿಳಿನಲ್ಲಿ ಏನಾಯಿತೆಂದು ಕೇಳಿದಳು. ಹಲ್ಲುನೋವು ಎಂದೆ. ಲವಂಗ ಇಟ್ಟುಕೋ ಎಂದಳು.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಕಾರ್ಡಿನ ಮೇಲೆ ಬುದ್ಧ ಬೇಡ ಎಂದದ್ದಕ್ಕೆ ಅಪ್ಪ ಕೋಪ ಮಾಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ. "ಬುದ್ಧನಿಗೇನು ಬಿಡು, ಅವನು ತನ್ನ ಮನೆ ಸಂಸಾರಾನೇ ಬಿಟ್ಟು ಹೋದೋನು, ಇವರ ಮದ್ವೆ ಕಾರ್ಡಿಗೆ ಆಸೆ ಪಡ್ತಾನಾ," ಎಂದ. ಆಮೇಲೆ, "ಊರ ಹೆಸರು ಹಾಕಬಾರದಂತಾ?" ಎಂದು ಕೇಳಿದ. ಹೌದು ಎಂದೆ. ಚಪ್ಪಲಿ ಮೆಟ್ಟಿ ಮಾರ್ಕೆಟ್ ರಸ್ತೆಯ ಕಡೆ ಹೋಗಿ, ಏನನ್ನೂ ಕೊಳ್ಳದೆ ವಾಪಸು ಬಂದು, ಬಾಗಿಲಲ್ಲಿ ನಿಂತು ಮತ್ತೆ ಅದನ್ನೇ ಕೇಳಿದ. ಹೌದಪ್ಪ ಎಂದೆ.

"ನಮ್ಮಪ್ಪ ಅಲ್ಲೇ ಮಣ್ಣಾಗಿರೋದು," ಎಂದ. ಆಮೇಲೆ, "ನಿಂಗೆ ಬೇಕು ಅಂದ್ರೆ ನಾನು ಸುಮ್ನಿರ್ತೀನಿ ಕಣಮ್ಮ. ಬೇಕಾ?"

"ಬೇಡ," ಎಂದೆ.

ನಾನು ಆ ಶನಿವಾರ ಹೋಗಲಿಲ್ಲ, ಮುಂದಿನ ಶನಿವಾರವೂ ಹೋಗಲಿಲ್ಲ. ಕೊನೆಗೆ ಅವನು ಶಾಲೆಯ ಆಫೀಸಿಗೆ ಫೋನ್ ಮಾಡಿದ. ಅಲ್ಲಿ ಹೆಡ್‌ಮಿಸ್ಟ್ರೆಸ್ ಹಾಜರಿ ಪುಸ್ತಕ ತಿರುವುತ್ತ ಕೂತಿದ್ದರು. ನಾನು ರಿಸೀವರ್ ತೆಗೆದುಕೊಂಡ ಮೇಲೆ ಅವರ ಕೈ ಒಂದೇ ಪುಟದ ಮೇಲೆ ನಿಂತುಬಿಟ್ಟಿತು. ಅವನು ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದ. ವ್ಯಾಕರಣದ ಒಂದೇ ಒಂದು ತಪ್ಪಿರಲಿಲ್ಲ. ಪರಿಸ್ಥಿತಿ ಹೀಗಿದೆ, ಯಾರದೂ ತಪ್ಪಲ್ಲ, ನಾವಿಬ್ಬರೂ ಮೂವ್ ಆನ್ ಆಗುವುದು ಒಳ್ಳೆಯದು ಎಂದ.

"ನೀನು ಆಗು," ಎಂದೆ ಕನ್ನಡದಲ್ಲಿ. "ನಂಗೀಗ ಸೆವೆಂತ್ ಬಿ ಪೀರಿಯಡ್ ಇದೆ."

ಇಟ್ಟೆ. ಹೆಡ್‌ಮಿಸ್ಟ್ರೆಸ್ ತಲೆಯೆತ್ತಿ, "ಏನಾದ್ರೂ ಪ್ರಾಬ್ಲಮ್ಮಾ?" ಎಂದರು. "ವರ್ಕ್‌ಬುಕ್ ವಿಷ್ಯ ಮೇಡಂ," ಎಂದೆ. ಅವರು ನಂಬಿದ ಹಾಗೆ ನಟಿಸಿದರು. ಆ ದಿನ ನನಗೆ ಬೇಕಾಗಿದ್ದೂ ಅಷ್ಟೇ.

ಬೇಜಾರೇ ಆಗಲಿಲ್ಲ ಎಂದರೆ ಯಾರೂ ನಂಬಬೇಡಿ. ಹಲವು ತಿಂಗಳು ಶನಿವಾರ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ಖಾಲಿ ಕೂರಬಾರದೆಂದು ಬಿ.ಎಡ್.ಗೆ ಸೇರಿದೆ. ಕೆಲವು ವರ್ಷದ ಮೇಲೆ ಕೆ.ಆರ್. ಪುರದ ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೇ ಗಣಿತ ಹೇಳುತ್ತಿದ್ದವರನ್ನು ಮದುವೆಯಾದೆ. ಕೊಪ್ಪಳದ ಕಡೆಯವರು, ಜೋಗುಪಾಳ್ಯದಲ್ಲಿ ಬಾಡಿಗೆ ಕೋಣೆಯಲ್ಲಿದ್ದರು. ಒಂದು ಸಂಜೆ ಸ್ಟಾಫ್ ರೂಮಿನಲ್ಲಿ, "ನಿಮ್ಮ ಮನಿಗೆ ಯಾವಾಗ ಬರ್ಲಿ, ನಿಮ್ಮ ಅಪ್ಪಾರ ಕೂಡ ಮಾತಾಡೋದೈತಿ," ಎಂದರು. ಭಾನುವಾರ ಎಂದೆ. ಭಾನುವಾರ ಬಂದರು, ಹೊಟ್ಟೆ ತುಂಬ ಉಂಡರು, ಮೂರು ಲೋಟ ನೀರು ಕುಡಿದರು. ಆದರೆ ಇದು ಆಮೇಲಿನ ಮಾತು.

ಅದಕ್ಕೂ ಮೊದಲು, ಹೊಸ ಶತಮಾನ ಶುರುವಾದ ಮೇಲೆ ಒಂದು ಭಾನುವಾರ, ನಮ್ಮ ಮನೆಯ ಫೋನ್ ಹೊಡೆದುಕೊಂಡಿತು. ಅಮ್ಮ ಎತ್ತಿದಳು. ಆ ಕಡೆ ಪ್ರಕಾಶನದವನ ಅಮ್ಮ. ಅವರ ದನಿ ದೊಡ್ಡದು, ನನಗೂ ಕೇಳುತ್ತಿತ್ತು. ಮಗನ ಮದುವೆ ಗೊತ್ತಾಗಿದೆ, ಹುಡುಗಿ ಅವರ ಪೈಕಿಯೇ, ಹಳೆಯದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಎಲ್ಲರೂ ಬರಬೇಕು, ನಾವು ಅಂಥವರಲ್ಲ, ನಮ್ಮಲ್ಲಿ ಭೇದಭಾವ ಇಲ್ಲ ಎಂದು ಹೇಳುತ್ತಲೇ ಇದ್ದರು. ಅಪ್ಪ ಪೇಪರ್ ಕೆಳಗಿಳಿಸಿ ಅಮ್ಮನ ಮುಖ ನೋಡಿದ. ಅಮ್ಮ ತಾಳ್ಮೆಯಿಂದ ಕೇಳಿದಳು, ನಡುವೆ ಎರಡು ಸಲ ಹೂಂ ಎಂದಳು.

"ಒಳ್ಳೇದಾಗ್ಲಿ ಮಕ್ಕಳಿಗೆ," ಎಂದಳು ಕೊನೆಗೆ. "ಇಡ್ತೀನ್ರೀ, ಒಲೆ ಮೇಲೆ ಹಾಲಿದೆ."

ಅಪ್ಪ, "ಎಲ್ಲೇ ಇದೆ ಹಾಲು?" ಎಂದ.

"ಹಾಲಿನೋನು ಇನ್ನೂ ಬಂದೇ ಇಲ್ಲ," ಎಂದು ಅಮ್ಮ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಅಪ್ಪ ನಕ್ಕ, ನನಗೂ ತಡೆಯಲಾಗಲಿಲ್ಲ. ಶಿವಾಜಿನಗರದಿಂದ ಬೆಳಿಗ್ಗೆ ತಂದಿದ್ದ ಮಟನ್ ಇನ್ನೂ ತೊಳೆಯಬೇಕಿತ್ತು. ನಾನು ಬೆಳ್ಳುಳ್ಳಿ ಬಿಡಿಸಲು ಕೂತೆ.